ಮುಂಗಡ ಟಿಕೇಟು ಮತ್ತು ಮುಂಗಡ ರಜೆ

ಚೌತಿ, ನವರಾತ್ರಿ, ದೀಪಾವಳಿಗಳು ಸಮೀಪಿಸಿದವೆಂದರೆ ಮುಂಬಯಿ ಕನ್ನಡಿಗರ ಬಾಯಲ್ಲಿ ಒಂದೇ ಮಾತು: ಊರಿಗೆ ಟಿಕೇಟು ಸಿಕ್ಕಿತೇ? ಸಿಕ್ಕಿದವರಿಗೆ ಎರಡನೆಯ ಪ್ರಶ್ನೆ: ಎಷ್ಟು ಕೊಟ್ಟಿರಿ? ಒಂದೇ ಬಸ್ಸಿನಲ್ಲಿ ಅಕ್ಕಪಕ್ಕದಲ್ಲಿ ಕುಳಿತು ಒಂದೇ ಊರಿನಲ್ಲಿ ಇಳಿದ ಇಬ್ಬರು ತೆತ್ತ ಹಣದಲ್ಲಿ ನೂರಾರು ರೂಪಾಯಿಗಳ ಅಂತರವಿರುವುದು ಈಗ ಸಾಮಾನ್ಯ ಸಂಗತಿ. ಮೊದಲೇ ಕೊಂಡರೆ ಲಾಭವೋ, ಕಾದು ನೋಡಿ ಕೊಂಡರೆ ಲಾಭವೋ ಎಂಬ ಜಿಜ್ಞಾಸೆ ನಮ್ಮ ಹೋಟೆಲುಗಳ ಅಡಿಗೆಮನೆಯಲ್ಲಿಯೂ ಕಚೇರಿಗಳ ಮೇಜುಗಳ ನಡುವೆಯೂ ಪ್ರತಿವರ್ಷ ನಡೆಯುತ್ತದೆ. ಇದರ ಒಳಹೊರಗನ್ನು ನಾಲ್ಕು ಮಾತುಗಳಲ್ಲಿ ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಬೆಳಿಗ್ಗೆ 8 ಗಂಟೆಗೆ ಬಾಗಿಲಲ್ಲಿ ಗಿರಾಕಿಗಳು ಸಾಲುಗಟ್ಟಿ ನಿಂತಾಗಲೂ, ಮಧ್ಯಾಹ್ನ 3 ಗಂಟೆಗೆ ಮೇಜುಗಳು ಬರಿದಾಗಿದ್ದಾಗಲೂ ನಮ್ಮ ಹೋಟೆಲುಗಳಲ್ಲಿ ಇಡ್ಲಿಯ ದರ ಒಂದೇ. ದರಪಟ್ಟಿ ಗೋಡೆಯ ಮೇಲಿರುತ್ತದೆ. ಹಸಿದವನ ಮುಖ ನೋಡಿ ಅದನ್ನು ತಿದ್ದುವ ಪದ್ಧತಿ ನಮ್ಮಲ್ಲಿಲ್ಲ. ಪ್ರಯಾಣದ ವ್ಯಾಪಾರ ಹಾಗಲ್ಲ. ವಿಮಾನದ ಆಸನವಾಗಲಿ, ವಿಹಾರನೌಕೆಯ ಕೋಣೆಯಾಗಲಿ, ಬಸ್ಸಿನ ಮಂಚವಾಗಲಿ, ಹೊರಡುವ ಗಳಿಗೆಯವರೆಗೆ ಮಾತ್ರ ಮಾರಾಟದ ಸರಕು. ಹೊರಟ ಮೇಲೆ ಖಾಲಿ ಉಳಿದದ್ದು ರಾತ್ರಿ ಉಳಿದು ಹಳಸಿದ ಇಡ್ಲಿಯಂತೆಯೇ. ಮರುದಿನ ಅದಕ್ಕೆ ಬೆಲೆಯಿಲ್ಲ. ಆದ್ದರಿಂದ ಮಾರುವವನು ಆಸನಗಳು ತುಂಬುತ್ತ ಬಂದಂತೆ ದರವನ್ನು ಏರಿಸುತ್ತಾನೆ, ತುಂಬದಿದ್ದರೆ ಇಳಿಸುತ್ತಾನೆ.

ಈ ವಿದ್ಯೆ ಬೆಳೆದದ್ದು ಅಮೇರಿಕೆಯಲ್ಲಿ. 1978ರಲ್ಲಿ ಅಲ್ಲಿಯ ಸರಕಾರ ವಿಮಾನದರಗಳ ಮೇಲಿನ ಹತೋಟಿಯನ್ನು ತೆಗೆಯುವ ಕಾನೂನು ಮಾಡಿತು. 1985ರಲ್ಲಿ ಅಮೇರಿಕನ್ ಏರ್‌ಲೈನ್ಸ್ ಸಂಸ್ಥೆಯು, ಬಹಳ ಮುಂಚಿತವಾಗಿ ಕೊಳ್ಳುವವರಿಗೆ ಅತ್ಯಂತ ಅಗ್ಗದ ಟಿಕೇಟುಗಳನ್ನು ಮಾರತೊಡಗಿತು. ಅದರ ಹಿಂದಿನ ತರ್ಕ ಸರಳವಾದುದು. ರಜೆಯಲ್ಲಿ ಸುತ್ತಾಡಲು ಹೋಗುವವನು ಮೊದಲೇ ನಿಶ್ಚಯಿಸುತ್ತಾನೆ. ಅವನಿಗೆ ದರ ಕಡಿಮೆಯಿರಬೇಕು. ವ್ಯವಹಾರಸ್ಥನು ಕೊನೆಯ ಗಳಿಗೆಯಲ್ಲಿ ಓಡಿ ಬರುತ್ತಾನೆ. ಅವನ ಖರ್ಚನ್ನು ಕಂಪನಿ ಭರಿಸುತ್ತದೆ, ಆದ್ದರಿಂದ ಅವನು ಎಷ್ಟಾದರೂ ಕೊಡಬಲ್ಲ. ಅಂದರೆ ತಡವಾಗಿ ಬರುವವನು ಹಣವಂತನೆಂಬುದೇ ಈ ಲೆಕ್ಕದ ತಳಹದಿ. ಇದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನು ನಮ್ಮ ದಾರಿಗಳ ವಿಚಾರ. ರೈಲಿನ ಸಾಮಾನ್ಯ ಕಾದಿರಿಕೆಯಲ್ಲಿ ಮೊದಲ ದಿನ ಕೊಂಡವನಿಗೂ ಕೊನೆಗೆ ಕೊಂಡವನಿಗೂ ದರ ಒಂದೇ. ಆದುದರಿಂದ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿಗೋ ಉದ್ಯಾನ ಎಕ್ಸ್‌ಪ್ರೆಸ್ಸಿಗೋ ಮುಂಚಿತವಾಗಿ ಟಿಕೇಟು ಕೊಳ್ಳುವವನಿಗೆ ದರದಲ್ಲಿ ರಿಯಾಯಿತಿ ದೊರೆಯುವುದಿಲ್ಲ. ಮಲಗಲು ಜಾಗ ದೊರೆಯುತ್ತದೆ. ಅದೇ ಅವನ ಲಾಭ. 2024ರ ನವೆಂಬರ್ 1ರಿಂದ ಕಾದಿರಿಕೆಯ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಈ ಜಾಗ ತಪ್ಪಿದವನಿಗೆ ಉಳಿಯುವುದು ಹೆಚ್ಚು ಶುಲ್ಕದ ತತ್ಕಾಲ್. ಅಲ್ಲಿಯೂ ತಪ್ಪಿದರೆ, ಬೇಡಿಕೆಗೆ ತಕ್ಕಂತೆ ದರವೇರುವ ಪ್ರೀಮಿಯಮ್ ತತ್ಕಾಲ್. ದೆಹಲಿಯ ಕನ್ನಡಿಗರು ಬೆಂಗಳೂರಿಗೆ ಬರುವ ರಾಜಧಾನಿಯಂಥ ಗಾಡಿಗಳಲ್ಲಿಯಾದರೋ 2016ರ ಸೆಪ್ಟೆಂಬರ್ 9ರಿಂದ ಬೇರೆಯೇ ಲೆಕ್ಕ ಬಂತು. ನೂರರಲ್ಲಿ 10 ಆಸನಗಳು ಮಾರಾಟವಾದಂತೆಲ್ಲ ಮೂಲದರ ಶೇಕಡಾ 10ರಂತೆ ಏರಿ, ಒಂದೂವರೆ ಪಟ್ಟಿನವರೆಗೆ ಹೋಗುವ ಕ್ರಮವದು. ಆ ಮೇಲ್ಮಿತಿಯನ್ನು ಮುಂದೆ 1.4 ಪಟ್ಟಿಗೆ ಇಳಿಸಲಾಯಿತು. ಅಂಥ ಗಾಡಿಗಳಲ್ಲಿ ಮೊದಲು ಬಂದವನಿಗೆ ಜಾಗವೂ ಅಗ್ಗ, ದರವೂ ಅಗ್ಗ.

ರೈಲಿನ ಮುಂಗಡ ಟಿಕೇಟಿಗೆ ಮತ್ತೊಂದು ಅನುಕೂಲವುಂಟು. ಹೋಗುವುದು ತಪ್ಪಿದರೂ ಹಣವೆಲ್ಲ ಮುಳುಗುವುದಿಲ್ಲ. 2015ರ ನವೆಂಬರದಲ್ಲಿ ಜಾರಿಗೆ ಬಂದ ನಿಯಮದಲ್ಲಿ, ಗಾಡಿ ಹೊರಡುವ 48 ಗಂಟೆಗಳಿಗೆ ಮೊದಲೇ ರದ್ದು ಮಾಡಿದ ಖಚಿತ ಸ್ಲೀಪರ್ ಟಿಕೇಟಿಗೆ 120 ರೂಪಾಯಿ ಮುರಿದುಕೊಳ್ಳುವ ಕ್ರಮವನ್ನಿಟ್ಟಿದ್ದರು. ರದ್ದತಿ ತಡವಾದಷ್ಟೂ ಕಡಿತ ಹೆಚ್ಚು. ಖಚಿತವಾದ ತತ್ಕಾಲ್ ಟಿಕೇಟನ್ನು ತಾನಾಗಿ ರದ್ದು ಮಾಡಿದವನಿಗಂತೂ ಕಾಸೂ ಮರಳುತ್ತಿರಲಿಲ್ಲ. ವಿಮಾನದಲ್ಲಿ ಇದು ತಿರುವುಮುರುವು. ಅತ್ಯಂತ ಅಗ್ಗದ ಟಿಕೇಟನ್ನು ರದ್ದು ಮಾಡಿದರೆ ಕೈಗೆ ಬರುವುದು ಅತ್ಯಲ್ಪ. ರಜೆ ನಿಶ್ಚಯವಿಲ್ಲದವನು ಅಂಥ ಟಿಕೇಟು ಕೊಳ್ಳುವುದು ಜೂಜಾಡಿದಂತೆಯೇ ಸರಿ.

ಖಾಸಗಿ ಬಸ್ಸುಗಳಲ್ಲಿ ಋತುವನ್ನು ನೋಡಬೇಕು. ಮಳೆಗಾಲದ ಸಾಧಾರಣ ದಿನಗಳಲ್ಲಿ ಆಸನಗಳು ಉಳಿಯುತ್ತವೆ; ಕಾದವನಿಗೂ ನಷ್ಟವಿಲ್ಲ. ಹಬ್ಬದ ದಿನಗಳನ್ನಾದರೋ ಮಾಲೀಕರೂ ಪಂಚಾಂಗದಲ್ಲಿ ನೋಡಿಯೇ ಇರುತ್ತಾರೆ. ಆಗ ದರ ಮೊದಲ ದಿನದಿಂದಲೇ ಏರಿರುತ್ತದೆ, ಕೊನೆಯ ವಾರದಲ್ಲಿ ಇನ್ನೂ ಏರುತ್ತದೆ. ಒಟ್ಟಿನಲ್ಲಿ ಹೇಳುವುದಾದರೆ, ಎಲ್ಲರೂ ಹೊರಡುವ ದಿನ ಹೊರಡುವವನು ಮೊದಲೇ ಕೊಳ್ಳಬೇಕು. ಯಾರೂ ಹೊರಡದ ದಿನ ಹೊರಡುವವನು ಆತುರಪಡಬೇಕಾಗಿಲ್ಲ.

ಆದರೆ ನಮ್ಮ ಮುಖ್ಯ ಪ್ರಶ್ನೆ ಇದಲ್ಲ. ಮೊದಲೇ ಕೊಳ್ಳುವುದು ಯಾರಿಗೆ ಸಾಧ್ಯ? ತನ್ನ ರಜೆಯ ದಿನ ಗೊತ್ತಿರುವವನಿಗೆ. ಸರಕಾರಿ ಗುಮಾಸ್ತನಿಗೆ ವರ್ಷದ ಆರಂಭದಲ್ಲಿಯೇ ರಜೆಗಳ ಪಟ್ಟಿ ದೊರೆಯುತ್ತದೆ. ಹೋಟೆಲಿನ ಮಾಣಿಗೆ? ಅಡಿಗೆಯವನಿಗೆ? ತಟ್ಟೆ ತೊಳೆಯುವ ಹುಡುಗನಿಗೆ? ‘ಹಬ್ಬ ಹತ್ತಿರ ಬರಲಿ, ನೋಡೋಣ’ ಎಂಬ ಉತ್ತರವೇ ಅವರಿಗೆ ಸಿಗುವುದು ಹೆಚ್ಚು. ಹಬ್ಬಕ್ಕೆ ನಾಲ್ಕು ದಿನ ಉಳಿದಾಗ ಒಪ್ಪಿಗೆ ದೊರೆಯುತ್ತದೆ. ಅಷ್ಟರಲ್ಲಿ ರೈಲಿನ ಜಾಗಗಳು ಮುಗಿದಿರುತ್ತವೆ. ಬಸ್ಸಿನ ದರ ಗಗನಕ್ಕೇರಿರುತ್ತದೆ. ತಡವಾಗಿ ಬರುವವನು ಹಣವಂತನೆಂಬ ಅಮೇರಿಕೆಯ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ನಮ್ಮಲ್ಲಿ ತಡವಾಗಿ ಬರುವವನು ತನ್ನ ಕಾಲದ ಮೇಲೆ ತನಗೇ ಅಧಿಕಾರವಿಲ್ಲದ ಬಡವ. ವರ್ಷಕ್ಕೊಮ್ಮೆ ತಾಯಿಯ ಮುಖ ನೋಡಹೊರಟವನು ವ್ಯವಹಾರಸ್ಥನ ದರವನ್ನು ತೆರಬೇಕಾಗುತ್ತದೆ. ಹೋಗಿಬರುವ ಖರ್ಚಿನಲ್ಲಿಯೇ ಮನೆಗೆಂದು ಕೂಡಿಟ್ಟ ಹಣ ಕರಗುತ್ತದೆ.

ಹೋಟೆಲಿನ ಗಲ್ಲಾದ ಮೇಲೆ ಕುಳಿತ ಅನುಭವ ನಮಗೂ ಇದೆ. ಹಬ್ಬದಲ್ಲಿ ವ್ಯಾಪಾರ ಹೆಚ್ಚು, ಆಳುಗಳು ಕಡಿಮೆ. ಎಲ್ಲರೂ ಒಮ್ಮೆಗೇ ಹೊರಟರೆ ಒಲೆ ಹಚ್ಚುವವರಿಲ್ಲ. ಮಾಲೀಕರ ಈ ಕಷ್ಟ ಸುಳ್ಳಲ್ಲ. ಆದರೆ ರಜೆಯನ್ನು ಹೇಳದೆ ಇಟ್ಟುಕೊಂಡ ಮಾತ್ರಕ್ಕೆ ಆ ಕಷ್ಟ ಕಡಿಮೆಯಾಗುವುದಿಲ್ಲ. ಹಬ್ಬಕ್ಕೆ 70 ದಿನ ಮೊದಲು ಎಲ್ಲರನ್ನೂ ಕೂಡಿಸಿ, ಈ ಸಲ ಚೌತಿಗೆ ಹೋಗುವವರು ಇಂಥವರು, ದೀಪಾವಳಿಗೆ ಇಂಥವರು, ಮೇ ತಿಂಗಳಲ್ಲಿ ಇಂಥವರು ಎಂದು ಬರೆದು ಗೋಡೆಗೆ ಹಚ್ಚಿದರೆ ಮಾಲೀಕರಿಗೆ ಕಾಸಿನ ಖರ್ಚಿಲ್ಲ. ಬದಲಿ ಆಳನ್ನು ಹುಡುಕಲು ಅವರಿಗೂ ಕಾಲ ಸಿಗುತ್ತದೆ. ಸಂಬಳಸಹಿತ ರಜೆ ದಯೆಯಿಂದ ಕೊಡುವ ದಾನವೂ ಅಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾನೂನು ತನ್ನ ವ್ಯಾಪ್ತಿಗೆ ಬರುವ ಕೆಲಸಗಾರರಿಗೆ ಅದನ್ನು ಹಕ್ಕಾಗಿ ಕೊಟ್ಟಿದೆ. ದಿನ ಗೊತ್ತಿಲ್ಲದ ರಜೆ ಅರ್ಧ ರಜೆಯೇ ಸರಿ. ಇಡ್ಲಿಯ ದರವನ್ನು ಗೋಡೆಯ ಮೇಲೆ ಬರೆಯುವ ನಾವು ರಜೆಯ ದಿನವನ್ನೂ ಬರೆಯಬಾರದೇಕೆ?

ಸರಕಾರಗಳ ಹೊಣೆಯೂ ಉಂಟು. ಕೊಂಕಣ ರೈಲ್ವೆಯ ದಾರಿಯ ಬಹುಭಾಗ ಒಂಟಿ ಹಳಿಯದು. ಚೌತಿ ಬರುವುದು ಗಾಡಿಗಳ ವೇಗವನ್ನು ತಗ್ಗಿಸುವ ಮಳೆಗಾಲದಲ್ಲಿ. ಬೇಕೆಂದಷ್ಟು ಗಾಡಿಗಳನ್ನು ಓಡಿಸಲಾಗದೆಂಬುದನ್ನು ನಾವು ಬಲ್ಲೆವು. ಓಡಿಸುವ ವಿಶೇಷ ಗಾಡಿಗಳನ್ನಾದರೂ 60 ದಿನ ಮೊದಲೇ ಪ್ರಕಟಿಸಿದರೆ, ಬಡವನು ಹೆದರಿ ಬಸ್ಸಿನವನಿಗೆ ದುಪ್ಪಟ್ಟು ಕೊಡುವುದು ತಪ್ಪೀತು. ಖಾಸಗಿ ಬಸ್ಸುಗಳು ರಾಜ್ಯ ಸಾರಿಗೆಯ ದರದ ಒಂದೂವರೆ ಪಟ್ಟನ್ನು ಮೀರಕೂಡದೆಂದು ಮಹಾರಾಷ್ಟ್ರ ಸರಕಾರ 2018ರಲ್ಲಿಯೇ ಆಜ್ಞೆ ಹೊರಡಿಸಿತು. ಆಜ್ಞೆ ಕಾಗದದಲ್ಲಿದ್ದರೆ ಸಾಲದು. ಹಬ್ಬದ ವಾರದಲ್ಲಿ ಬಸ್ಸುಗಳು ಹೊರಡುವ ತಾಣಗಳಲ್ಲಿ ಕಾಣಬೇಕು. ಮನಸ್ಸು ಮಾಡಿದರೆ ದರಕ್ಕೆ ಕಡಿವಾಣ ಹಾಕಲಾಗದೆಂದಿಲ್ಲ. 2025ರ ಡಿಸೆಂಬರದಲ್ಲಿ ವಿಮಾನಗಳು ನೂರಾರು ಸಂಖ್ಯೆಯಲ್ಲಿ ರದ್ದಾಗಿ ದರಗಳು ಹುಚ್ಚೆದ್ದಾಗ, ಕೇಂದ್ರ ಸರಕಾರವು 500 ಕಿಲೋಮೀಟರಿನವರೆಗೆ 7,500 ರೂಪಾಯಿ, 1,000 ಕಿಲೋಮೀಟರಿನವರೆಗೆ 12,000 ರೂಪಾಯಿ ಎಂದು ಮಿತಿ ಹಾಕಿತ್ತು. ವಿಮಾನದವರಿಗೆ ದೊರೆತ ರಕ್ಷಣೆ ಬಸ್ಸಿನವರಿಗೂ ದೊರೆಯಲಿ.

ಕೊನೆಯದಾಗಿ ನಮ್ಮ ಕೆಲಸಗಾರ ಬಂಧುಗಳಿಗೆ ಎರಡು ಮಾತು. 2025ರ ಜುಲೈ 1ರಿಂದ ತತ್ಕಾಲ್ ಟಿಕೇಟನ್ನು ಅಂತರ್ಜಾಲದಲ್ಲಿ ಕೊಳ್ಳಲು ಆಧಾರ್ ದೃಢೀಕರಣ ಬೇಕು. ಹಬ್ಬ ಬಂದಾಗ ಪರದಾಡುವ ಬದಲು, ಓದುಬರಹ ಬಲ್ಲ ಸ್ನೇಹಿತರ ನೆರವಿನಿಂದ ಈಗಲೇ ತಮ್ಮ ಖಾತೆಯನ್ನು ಸಿದ್ಧಪಡಿಸಿಕೊಳ್ಳಬೇಕು. ಗುಮಾಸ್ತ ಬಂಧುಗಳು ಇದರಲ್ಲಿ ತಮ್ಮವರಿಗೆ ಕೈಕೊಡಬೇಕು. ದಲ್ಲಾಳಿಗಳ ಕೈಯಿಂದ ಪರರ ಹೆಸರಿನ ಟಿಕೇಟು ಕೊಳ್ಳಲೇಬಾರದು. ಪರವಾನಗಿಯಿಲ್ಲದೆ ಟಿಕೇಟಿನ ದಂಧೆ ನಡೆಸುವವನಿಗೆ 1989ರ ರೈಲ್ವೆ ಕಾನೂನು ಮೂರು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಆದರೆ ಗಾಡಿಯಿಂದ ಇಳಿಯಬೇಕಾಗುವುದು ಟಿಕೇಟು ಕೊಂಡವನಿಗೆ. ಹೋಗುವ ಟಿಕೇಟಿನೊಂದಿಗೆ ಮರಳುವ ಟಿಕೇಟಿನ ಕಾದಿರಿಕೆ ತೆರೆಯುವ ದಿನವನ್ನೂ ಗುರುತಿಟ್ಟುಕೊಳ್ಳಬೇಕು. ಎಲ್ಲಕ್ಕೂ ಮೊದಲು, ರಜೆಯನ್ನು ಬಾಯಿ ಬಿಟ್ಟು, ಕಾಲಕ್ಕೆ ಸರಿಯಾಗಿ ಕೇಳಬೇಕು.

ನಮ್ಮ ಹೋಟೆಲು ಮಾಲೀಕರ ಸಂಘಗಳೂ ಕನ್ನಡ ಸಂಘಗಳೂ ಮುಂದಿನ ಹಬ್ಬಕ್ಕೆ ಮುಂಚಿತವಾಗಿಯೇ ಈ ರಜಾಪಟ್ಟಿಯ ಪದ್ಧತಿಯನ್ನು ಪರಿಶೀಲಿಸಿ ಆಚರಣೆಗೆ ತರಬೇಕೆಂದು ನಾವು ಆಗ್ರಹಪೂರ್ವಕವಾಗಿ ಸೂಚಿಸುತ್ತೇವೆ. ಮುಂಗಡ ಟಿಕೇಟಿನಿಂದ ಲಾಭವುಂಟೋ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ: ಉಂಟು, ಆದರೆ ರಜೆ ಮುಂಗಡವಾಗಿ ಗೊತ್ತಾದವನಿಗೆ ಮಾತ್ರ.