ಯಶಸ್ವಿನಿಗೆ ಆರೋಗ್ಯವಂತರೂ ಸೇರತಕ್ಕದ್ದು

ಕಳೆದ ಸುಗ್ಗಿಯ ತರುವಾಯ ನಾನು ತನಿಖೆಗೆ ಹೋದ ಒಂದು ಗ್ರಾಮದಲ್ಲಿ, ಸಾಲುಬಿತ್ತನೆಯನ್ನು ಚೆನ್ನಾಗಿ ಕಲಿತಿದ್ದ ರೈತನೊಬ್ಬನು ತನ್ನ ಎತ್ತಿನ ಜೋಡಿಯನ್ನು ಮಾರಿಬಿಟ್ಟಿದ್ದನು. ಹೆಂಡತಿಯ ಶಸ್ತ್ರಚಿಕಿತ್ಸೆಗೆ ಹಣ ಸಾಲದೆ ಹೋದುದೇ ಕಾರಣ. ಎತ್ತಿಲ್ಲದವನಿಗೆ ಕೂರಿಗೆಯ ಗುಣವನ್ನು ಬೋಧಿಸುವುದೆಂತು? ನಾನು ಸುಮ್ಮನೆ ಹಿಂದಿರುಗಿದೆನು.

ಸಹಕಾರ ಸಂಘಗಳ ಸದಸ್ಯರಿಗಾಗಿ 2003ನೆಯ ಇಸವಿಯಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯನ್ನು ವಾಚಕರು ಬಲ್ಲರು. ಆಗ ಒಬ್ಬನಿಗೆ ವರ್ಷಕ್ಕೆ 60 ರೂಪಾಯಿ ವಂತಿಗೆ. ಮೊದಲ ವರ್ಷವೇ ಸುಮಾರು 16 ಲಕ್ಷ ಜನರು ಸೇರಿದರು. 2005ರಲ್ಲಿ ವಂತಿಗೆಯು 120 ರೂಪಾಯಿಗೆ ಏರಲು, ಲಕ್ಷಾಂತರ ಜನರು ಬಿಟ್ಟುಹೋದರು. 2018ರಲ್ಲಿ ಯೋಜನೆಯು ಆರೋಗ್ಯ ಕರ್ನಾಟಕದಲ್ಲಿ ಲೀನವಾಗಿ, 2022ರ ಕೊನೆಯಲ್ಲಿ ಪುನಃ ಬಂದಿತು. ಆಗ ಗ್ರಾಮಾಂತರದ ನಾಲ್ವರ ಕುಟುಂಬಕ್ಕೆ 500 ರೂಪಾಯಿ ಗೊತ್ತುಮಾಡಿ, ಚಿಕಿತ್ಸೆಯ ಮಿತಿಯನ್ನು ವರ್ಷಕ್ಕೆ 5 ಲಕ್ಷವಾಗಿ ಇಟ್ಟರು.

"ಕಾಯಿಲೆಯೇ ಬಾರದಿದ್ದರೆ ಐನೂರು ರೂಪಾಯಿ ದಂಡವಲ್ಲವೆ?" ಎಂದು ಅನುಕೂಲಸ್ಥರೇ ಕೇಳುತ್ತಾರೆ. ಕಣ ಕಾಯುವವನಿಗೆ ಕೂಲಿ ಕೊಟ್ಟು, ಕಳ್ಳನು ಬರಲಿಲ್ಲವೆಂದು ಅದನ್ನು ಹಿಂದಕ್ಕೆ ಕೇಳಿದವರನ್ನು ನಾನು ಕಂಡಿಲ್ಲ. ಅದಕ್ಕಿಂತಲೂ ಮುಖ್ಯವಾದ ಮಾತೊಂದುಂಟು. ಸೇರುವುದು ಅವರವರ ಇಷ್ಟವಾದಲ್ಲಿ, ರೋಗದ ಭಯವುಳ್ಳವರು ಮುಂದೆ ಬರುತ್ತಾರೆ, ಗಟ್ಟಿಮುಟ್ಟಾದವರು ಹಿಂದೆ ಉಳಿಯುತ್ತಾರೆ. ಆಗ ಬರುವ ಹಣಕ್ಕಿಂತ ಹೋಗುವ ಹಣವೇ ಹೆಚ್ಚಾಗಿ ವಂತಿಗೆಯನ್ನು ಏರಿಸಬೇಕಾಗುತ್ತದೆ. ಏರಿಸಿದರೆ ಗಟ್ಟಿಯಾದವರು ಇನ್ನಷ್ಟು ಮಂದಿ ಬಿಡುತ್ತಾರೆ. ಈ ಕಾರಣದಿಂದ, ಸ್ವಂತ ಹಣದಿಂದ ಚಿಕಿತ್ಸೆ ಮಾಡಿಸಿಕೊಳ್ಳಬಲ್ಲ ಹಿಡುವಳಿದಾರರೂ ಗ್ರಾಮದ ಮುಖಂಡರೂ ಮೊದಲು ತಮ್ಮ ಹೆಸರನ್ನು ಬರೆಯಿಸಬೇಕೆಂದು ನನ್ನ ಅಭಿಪ್ರಾಯ.

ಆಳುಮಕ್ಕಳ ವಿಷಯವು ಬೇರೆ. ಸಂಘದ ಸದಸ್ಯತ್ವವೇ ಇಲ್ಲದವನಿಗೆ ಯೋಜನೆಯ ಬಾಗಿಲು ಮುಚ್ಚಿರುತ್ತದೆ. ಅವನ ಷೇರುಹಣವನ್ನು ಯಜಮಾನನು ಮುಂಗಡವಾಗಿ ಕೊಟ್ಟು ಕೂಲಿಯಲ್ಲಿ ಸ್ವಲ್ಪಸ್ವಲ್ಪವಾಗಿ ಹಿಡಿದುಕೊಂಡರೆ ಯಾರಿಗೂ ಭಾರವಾಗದು. ವಂತಿಗೆಯನ್ನೂ ಬೆಳೆ ಮಾರಿದ ಹಣ ಕೈಯಲ್ಲಿರುವಾಗಲೇ ಎತ್ತಿಡಬೇಕು. ಹಾಲಿನ ಸಂಘಗಳಲ್ಲಿ ಬಟವಾಡೆಯ ದಿನವೇ ಸರಿ. ಕಡೆಯ ದಿನದ ಸಂಜೆ ಡಂಗುರ ಹೊಡೆಸುವ ಕಾರ್ಯದರ್ಶಿಗಳೂ ಇದ್ದಾರೆ. ಅವರಿಗೆ ಮುಖಂಡರು ಮೊದಲೇ ಎಚ್ಚರಿಕೆ ಹೇಳಬೇಕು.

ಹೆಸರು ಬರೆಯಿಸುವಾಗ ಒಂದನ್ನು ಮರೆಮಾಚಬಾರದು: ಇದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗಾಗಿ ಇರುವ ಏರ್ಪಾಡು, ನೆಗಡಿ ಜ್ವರಗಳಿಗೆ ಔಷಧದ ಅಂಗಡಿಯಲ್ಲಿ ಕೊಡುವ ಹಣವು ಇದರಿಂದ ಬಾರದು. ಇದನ್ನು ತಿಳಿಯದೆ ಸೇರಿದವನು ಮರುವರ್ಷ ತಾನೂ ಬಿಟ್ಟು, ನೆರೆಯವರನ್ನೂ ಬಿಡಿಸುತ್ತಾನೆ.