ಬೇಕಾದ ಕಾಗದಪತ್ರಗಳಷ್ಟನ್ನೇ ನಕಲು ಮಾಡಿಡುವ ಬಗೆ

೨೦೧೯ನೆಯ ಇಸವಿಯ ಆಗಸ್ಟ ತಿಂಗಳಲ್ಲಿ ಕೃಷ್ಣೆಯೂ ದೂಧಗಂಗಾ, ವೇದಗಂಗಾ ನದಿಗಳೂ ಉಕ್ಕಿಬಂದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಹೊಳೆದಂಡೆಯ ಎಷ್ಟೋ ಜನರು ಉಟ್ಟ ಬಟ್ಟೆಯಲ್ಲಿ ಮನೆ ಬಿಡಬೇಕಾಯಿತು. ೨೦೨೧ರ ಜುಲೈಯಲ್ಲಿ ಮತ್ತೆ ನೆರೆ ಬಂದಿತು. ಹೊಲದ ಉತಾರ ನೆನೆದುಹೋದರೆ ಸರಕಾರದ 'ಭೂಮಿ' ದಫ್ತರದಿಂದ ಇನ್ನೊಂದನ್ನು ಪಡೆಯಬಹುದು. ಆದರೆ ಅಣ್ಣತಮ್ಮಂದಿರು ಮನೆಯೊಳಗೇ ಬರೆದುಕೊಂಡ ವಾಟಣಿಪತ್ರ, ಅಜ್ಜನ ಒಂದೇ ಒಂದು ಭಾವಚಿತ್ರ, ಇವು ಮುದ್ದೆಯಾದರೆ ಯಾವ ಕಚೇರಿಯೂ ಮರಳಿ ಕೊಡಲಾರದು.

ಈಗ ಅನೇಕ ಗೃಹಸ್ಥರು ಇಂಥ ಕಾಗದಗಳ ಫೋಟೋ ಹಿಡಿದು ಗಣಕಯಂತ್ರದಲ್ಲಿ ಇಟ್ಟಿರುತ್ತಾರೆ. ಒಳ್ಳೆಯದೇ. ಆದರೆ ಲಗ್ನದ ಚಿತ್ರ, ಹಾಡು, ಮಕ್ಕಳ ಆಟದ ಚಿತ್ರ ಮೊದಲಾದ ಸಾವಿರಾರು ಫೈಲುಗಳ ನಡುವೆ ಅವು ಚೆದುರಿ ಬಿದ್ದಿರುತ್ತವೆ. ಒಂದೊಂದನ್ನೇ ಆರಿಸಿ ಪೆನ್ ಡ್ರೈವಿಗೆ ಎಳೆಯುತ್ತ ಕುಳಿತರೆ ದಿನ ಮುಳುಗುತ್ತದೆ. ಮುಖ್ಯವಾದ ಒಂದು ಉಳಿದೇ ಹೋಗುತ್ತದೆ. ಹಿಂದೆ ಕುಲಕರ್ಣಿಯವರಿಗೆ 'ಈ ದಫ್ತರದಲ್ಲಿ ನಮ್ಮ ಮನೆತನದವಷ್ಟನ್ನು ನಕಲು ಮಾಡಿಕೊಡಿರಿ' ಎಂದು ಒಂದೇ ಮಾತಿನಲ್ಲಿ ಹೇಳುತ್ತಿದ್ದರಲ್ಲವೆ? ಗಣಕಕ್ಕೂ ಹಾಗೆಯೇ ಒಂದು ಸಾಲಿನ ಆಜ್ಞೆಯನ್ನು ಬರೆದು ಹೇಳಬಹುದು.

ವಿಂಡೋಸ್ ಗಣಕಗಳಲ್ಲಿ, ವಿಸ್ಟಾ ಬಂದಂದಿನಿಂದ, 'ರೋಬೊಕಾಪಿ' ಎಂಬ ಉಪಕರಣವು ಒಳಗೇ ಇರುತ್ತದೆ. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ತೆರೆದು ಇಂಗ್ಲಿಷಿನ ಎಂಟು ಅಕ್ಷರಗಳ ಆ ಹೆಸರನ್ನು ಬರೆಯಬೇಕು. ಆ ಮೇಲೆ ಯಾವ ಫೋಲ್ಡರಿನಿಂದ, ಯಾವ ಫೋಲ್ಡರಿಗೆ, ಯಾವ ಫೈಲುಗಳು ಎಂಬುದನ್ನು ಇದೇ ಕ್ರಮದಲ್ಲಿ, ನಡುವೆ ತೆರವು ಬಿಟ್ಟು ಬರೆಯತಕ್ಕದ್ದು. ಫೋಲ್ಡರಿನ ಹೆಸರಿನಲ್ಲಿಯೇ ತೆರವಿದ್ದರೆ ಅದನ್ನು ಉದ್ಧರಣ ಚಿಹ್ನೆಗಳೊಳಗೆ ಇಡಬೇಕು. ನಕ್ಷತ್ರಚಿಹ್ನೆ, ಚುಕ್ಕೆ, ಪಿ ಡಿ ಎಫ್ ಎಂದು ಬರೆದರೆ ಆ ಜಾತಿಯವೆಲ್ಲ ಬರುವವು. ಕೊನೆಗೆ ಓರೆಗೆರೆಯನ್ನೂ ಎಸ್ ಅಕ್ಷರವನ್ನೂ ಸೇರಿಸಿದರೆ ಒಳಗಿನ ಉಪಫೋಲ್ಡರುಗಳೂ ಲೆಕ್ಕಕ್ಕೆ ಬರುತ್ತವೆ.

ಆರಿಸುವ ನಿಜವಾದ ಕೆಲಸ ಹೆಸರಿಡುವಾಗಲೇ ಆಗಬೇಕು. ಫೋಟೋ ಹಿಡಿದ ದಿನವೇ ಫೈಲಿನ ಹೆಸರಿನ ಮೊದಲಿಗೆ ವಾಟಣಿ, ಸಾಲ, ಜಾತಕ ಎಂಬಂಥ ಒಂದು ಶಬ್ದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಡಿರಿ. ಮುಂದೆ ಆ ಶಬ್ದಕ್ಕೆ ನಕ್ಷತ್ರವನ್ನು ಅಂಟಿಸಿ ಬರೆದರೆ ಸಾಕು, ಹಾಗೆ ಮೊದಲಾಗುವ ಫೈಲುಗಳೆಲ್ಲ ಸಾಲುಗಟ್ಟಿ ಬರುತ್ತವೆ. ಯಂತ್ರವೇ ಕೊಟ್ಟ ಅಂಕಿಯ ಹೆಸರುಗಳಿದ್ದಲ್ಲಿ ಎಂಥ ಜಾಣ ಆಜ್ಞೆಯೂ ಕುರುಡು.

ಆಜ್ಞೆಯನ್ನು ಮೊದಲ ಸಲ ಓರೆಗೆರೆ ಮತ್ತು ಎಲ್ ಅಕ್ಷರದೊಡನೆ ಕೊಡಿರಿ. ಆಗ ನಕಲೇನೂ ಆಗುವುದಿಲ್ಲ. ಏನೇನು ಆಗಲಿದೆ ಎಂಬ ಯಾದಿ ಮಾತ್ರ ಕಾಣುತ್ತದೆ. ಅದನ್ನು ಓದಿ, ಸರಿಯಿದ್ದರೆ ಎಲ್ ಅನ್ನು ತೆಗೆದು ಮತ್ತೆ ಕೊಡಬೇಕು. ಒಂದು ವಿನೋದ: ಕೆಟ್ಟ ಫೈಲು ಎದುರಾದರೆ ಈ ಉಪಕರಣವು ತಾನಾಗಿ ೩೦ ಸೆಕೆಂಡಿಗೊಮ್ಮೆ ೧೦ ಲಕ್ಷ ಸಲ ಪ್ರಯತ್ನಿಸುತ್ತದೆ; ಎಂದರೆ ಹನ್ನೊಂದು ತಿಂಗಳಿಗೂ ಮೇಲೆ! ಇಂಥ ನಿಷ್ಠೆ ನಮಗೆ ಬೇಡ. ಓರೆಗೆರೆ, ಆರ್, ಎರಡುಚುಕ್ಕೆ, ೧ ಎಂದು ಸೇರಿಸಿದರೆ ಇನ್ನೊಂದೇ ಸಲ ನೋಡಿ ಮುಂದೆ ಸಾಗುತ್ತದೆ.

ಎಮ್, ಐ, ಆರ್ ಎಂಬ ಮೂರಕ್ಷರಗಳನ್ನು ಮಾತ್ರ ಮನೆಯ ಕಾಗದಗಳ ಕೆಲಸದಲ್ಲಿ ಬಳಸಲೇಬೇಡಿರಿ. ಅದು ಕನ್ನಡಿಯಂತೆ: ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದಲೂ ಅಳಿಸಿಬಿಡುತ್ತದೆ. ಎಲ್ಲಿಂದ, ಎಲ್ಲಿಗೆ ಎಂಬೆರಡು ಹೆಸರುಗಳು ಅದಲುಬದಲಾಗಿ ಖಾಲಿ ಪೆನ್ ಡ್ರೈವ್ ಮೂಲವಾದರೆ, ಗಣಕದ ಆ ಫೋಲ್ಡರು ಬರಿದಾಗುವುದು.

ಲಿನಕ್ಸ್ ಗಣಕವುಳ್ಳವರಿಗೆ ೧೯೯೬ರಲ್ಲಿ ಹೊರಬಂದ 'ಆರ್‌ಸಿಂಕ್' ಇದೆ. ಅಲ್ಲಿ ಯಾದಿಯನ್ನು ನೋಡಲು ಅಡ್ಡಗೆರೆಯೊಡನೆ ಎನ್ ಮತ್ತು ವಿ ಅಕ್ಷರಗಳು.

ನಕಲಾದ ಪೆನ್ ಡ್ರೈವನ್ನು ಅದೇ ಮನೆಯ ಕಪಾಟಿನಲ್ಲಿಟ್ಟರೆ ನೆರೆಯ ನೀರಿಗೆ ಎರಡೂ ಒಂದೇ. ಪೆನ್ ಡ್ರೈವ್ ಕೆಡುವುದೂ ಉಂಟು, ಆದುದರಿಂದ ಎರಡಿರಲಿ. ಬೆಳಗಾವಿಯಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಇರುವ ಮಗಳ ಮನೆಯಲ್ಲಿ ಒಂದನ್ನು ಇರಿಸಿರಿ. ಯುಗಾದಿಗೆ ಆಕೆ ತವರಿಗೆ ಬರುವಾಗ ತಂದರೆ ಅದೇ ಆಜ್ಞೆಯನ್ನು ಮತ್ತೆ ಕೊಟ್ಟರಾಯಿತು. ಬದಲಾಗದೆ ಇರುವವನ್ನು ಅದು ಮುಟ್ಟದೆ, ಹೊಸವನ್ನಷ್ಟೇ ಸೇರಿಸುತ್ತದೆ. ಮಳೆಗಾಲಕ್ಕೆ ಆಗ ಇನ್ನೂ ಎರಡು ತಿಂಗಳಿರುತ್ತದೆ.