ಮಂಗಳೂರಿನ ದಾರಿ ತೆರೆದಿರಲಿ



1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ರೈಲು ಹಳಿಯ ದಿಕ್ಕು ಮಾತ್ರ ಬದಲಾಗಲಿಲ್ಲ. ಕುಂಬಳೆ, ಉಪ್ಪಳ, ಮಂಜೇಶ್ವರಗಳಲ್ಲಿ ಗಾಡಿ ಹತ್ತುವ ವಿದ್ಯಾರ್ಥಿಗಳೂ ರೋಗಿಗಳೂ ಕೂಲಿಕಾರರೂ ಇಂದಿಗೂ ನೇತ್ರಾವತಿಯ ಸೇತುವೆಯನ್ನು ದಾಟಿ ಮಂಗಳೂರಿನಲ್ಲಿ ಇಳಿಯುತ್ತಾರೆ.

ಹೊಸಬರಿಗೆ ಅಲ್ಲಿ ತೊಡಕುಗಳಿಲ್ಲದಿಲ್ಲ. ಸೆಂಟ್ರಲ್ ನಿಲ್ದಾಣ ಬೇರೆ, ಪಡೀಲಿನ ಬಳಿಯ ಜಂಕ್ಷನ್ ಬೇರೆ. ನಗರದ ಬಸ್ಸುಗಳು ಬಹುಪಾಲು ಖಾಸಗಿಯವು. ‘ಸ್ಟೇಟ್ ಬ್ಯಾಂಕ್’ ಎಂದು ನಿರ್ವಾಹಕನು ಕೂಗಿದರೆ ಅದು ಬಸ್ ನಿಲ್ದಾಣದ ಹೆಸರು. ಆದರೂ ಫಲಕದ ಕನ್ನಡವನ್ನು ಓದಿ, ಕನ್ನಡದಲ್ಲೋ ತುಳುವಿನಲ್ಲೋ ವಿಚಾರಿಸಿ, ನಮ್ಮ ಹಳ್ಳಿಗನು ತಾನು ಸೇರಬೇಕಾದಲ್ಲಿಗೆ ಸೇರುತ್ತಾನೆ. ತನ್ನ ಅಕ್ಷರವಿರುವ ಊರಿನಲ್ಲಿ ಅವನು ಪರಕೀಯನಲ್ಲ.

ಆದರೆ ಈ ನಂಟು ಮಾತಿನಲ್ಲಷ್ಟೇ ಉಳಿದರೆ ಸಾಲದು. ಕೊರೋನಾ ಹಬ್ಬಿದ 2020ರ ಮಾರ್ಚಿನಲ್ಲಿ ಕರ್ನಾಟಕವೇ ತಲಪಾಡಿಯ ಗಡಿಯನ್ನು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ದಾರಿಯಲ್ಲಿ ತಡೆಯಲ್ಪಟ್ಟರು. 2023ರ ಜೂನ್‌ನಲ್ಲಿ ಕರ್ನಾಟಕದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಆರಂಭವಾದ ಉಚಿತ ಪ್ರಯಾಣವು ಆ ರಾಜ್ಯದ ನಿವಾಸಿಗಳಿಗೆಂದೇ ಗೊತ್ತುಪಡಿಸಿದ್ದು. ಮಂಗಳೂರಿನಿಂದ ಪುತ್ತೂರಿಗೆ ಹೊರಟ ಇಬ್ಬರು ಕನ್ನಡ ತಾಯಂದಿರು ಒಂದೇ ಆಸನದಲ್ಲಿ ಕುಳಿತರೂ, ಮಂಜೇಶ್ವರದವಳ ಪಾಲಿಗೆ ಆ ಸೌಲಭ್ಯವಿಲ್ಲ.

ನಾವು ಬೇಡುವುದು ದಾನವನ್ನಲ್ಲ. ಎಂತಹ ಸಂಕಟಕಾಲದಲ್ಲಿಯೂ ರೋಗಿಯ ದಾರಿಗೆ ಅಡ್ಡಗಟ್ಟೆ ಬೀಳಬಾರದು. ಗಡಿಯಾಚೆಯ ಕನ್ನಡಿಗರಿಗೂ ಬಸ್ಸಿನ ಸೌಲಭ್ಯ ದೊರೆಯಬೇಕು. ಪ್ರತಿ ಗ್ರಾಮದಿಂದಲೂ ಈ ಎರಡು ಮನವಿಗಳು ಹೊರಡಲಿ. ಕೇಳದವನ ಕಷ್ಟ ಸರ್ಕಾರದ ಕಿವಿಗೆ ಮುಟ್ಟುವುದಿಲ್ಲ.